ಸಾವಿರದಲ್ಲಿ ಆ ನಾಲ್ವರು

ಮುಟ್ಟು ನಿಲ್ಲುವ ಕಾಲದ ತೊಂದರೆಗಳಿಗೆ ಕೊಡುವ ಹಾರ್ಮೋನ್ ಚಿಕಿತ್ಸೆಯ ಮಾತೆತ್ತಿದ ಕಡೆಯಲ್ಲೆಲ್ಲ ನನಗೆ ಸಿಕ್ಕಿದ್ದು ಒಂದೇ ಉತ್ತರ: "ಅದರಿಂದ ಸ್ತನ ಕ್ಯಾನ್ಸರ್ ಬರುತ್ತದಂತೆ." ಅಕ್ಕ ಹೇಳಿದಳು, ಜೊತೆಯಲ್ಲಿ ಕೆಲಸ ಮಾಡುವವರು ಹೇಳಿದರು, ಬೇರೆ ಯಾವುದೋ ತೊಂದರೆಗೆಂದು ಹೋಗಿದ್ದಾಗ ಒಬ್ಬ ವೈದ್ಯರೂ ಚೀಟಿಯಿಂದ ತಲೆ ಎತ್ತದೆ ಅದನ್ನೇ ಹೇಳಿದರು. ಯಾವ ಹಾರ್ಮೋನಿನಿಂದ, ಎಷ್ಟು ವರ್ಷ ತೆಗೆದುಕೊಂಡರೆ, ಎಷ್ಟು ಜನರಲ್ಲಿ ಎಷ್ಟು ಮಂದಿಗೆ ಎಂದು ಮರುಪ್ರಶ್ನೆ ಹಾಕಿದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಹಾಗೆಂದು ಅದು ಸುಳ್ಳು ಮಾತಲ್ಲ. ಸುಳ್ಳಾಗಿದ್ದರೆ ಕಿವಿಗೆ ಹಾಕಿಕೊಳ್ಳದೆ ಇರಬಹುದಿತ್ತು. ಪೂರ್ತಿ ನಿಜವಾಗಿದ್ದರೆ ಆ ಚಿಕಿತ್ಸೆಯ ಗೊಡವೆಯೇ ಬೇಡವೆಂದು ಸುಮ್ಮನಾಗಬಹುದಿತ್ತು. ಅರ್ಧ ನಿಜ ಮಾತ್ರ ಹಾಗೆ ಸುಮ್ಮನಿರಲು ಬಿಡುವುದಿಲ್ಲ. ಉಳಿದರ್ಧ ಸಿಗುವವರೆಗೂ ಅದು ಕಾಡುತ್ತಲೇ ಇರುತ್ತದೆ.

ನನಗೀಗ ಐವತ್ತೊಂದು. ಮುಟ್ಟು ನಿಂತು ವರ್ಷ ದಾಟಿದೆ. ಈ ವಯಸ್ಸನ್ನು ಹಾದವರಿಗೆ ಲಕ್ಷಣಗಳ ಪಟ್ಟಿ ಒಪ್ಪಿಸುವ ಅಗತ್ಯವಿಲ್ಲ, ಆದರೆ ರಾತ್ರಿಗಳ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಮೂರು ಗಂಟೆಯ ಹೊತ್ತಿಗೆ ಎಚ್ಚರವಾಗುತ್ತದೆ. ಬಿಸಿ ಏರಿದ್ದರಿಂದ ಎಚ್ಚರವಾಯಿತು ಎನ್ನುವಂತಿಲ್ಲ. ಅದು ಏರುವುದಕ್ಕೆ ಕ್ಷಣ ಮೊದಲೇ ಕಣ್ಣು ತೆರೆದಿರುತ್ತದೆ. ಎದೆಯ ನಡುವೆ ಎಲ್ಲೋ ಹೊತ್ತಿಕೊಂಡ ಕಾವು ಕತ್ತಿಗೆ, ಕಿವಿಯ ಹಿಂದಕ್ಕೆ, ನೆತ್ತಿಗೆ ಹತ್ತುತ್ತದೆ. ಗುಂಡಿಗೆ ಬಡಿದುಕೊಳ್ಳುವುದು ದಿಂಬಿಗೆ ಒತ್ತಿದ ಕಿವಿಯಲ್ಲಿ ಕೇಳಿಸುತ್ತದೆ. ಬೆನ್ನು ತೊಯ್ದು ಬಟ್ಟೆ ಅಂಟಿಕೊಳ್ಳುವ ಹೊತ್ತಿಗೆ ಕಾವು ಇಳಿದಿರುತ್ತದೆ. ಆಮೇಲೆ ಆ ಬೆವರೇ ತಣ್ಣಗಾಗಿ ನಡುಕ ಹುಟ್ಟಿಸುತ್ತದೆ. ಹೊದಿಕೆ ಒದೆಯುವುದು, ಮತ್ತೆ ಎಳೆದುಕೊಳ್ಳುವುದು, ಪಕ್ಕದಲ್ಲಿ ಮಲಗಿದವರಿಗೆ ಎಚ್ಚರವಾಗದಂತೆ ಎದ್ದು ಬಟ್ಟೆ ಬದಲಿಸುವುದು. ಒಂದು ರಾತ್ರಿಯಾದರೆ ಸರಿ, ತಿಂಗಳುಗಟ್ಟಲೆ ಹೀಗೆಯೇ ನಡೆದರೆ ಹಗಲೂ ಹದಗೆಡುತ್ತದೆ. ವರ್ಷಗಳಿಂದ ಬಳಸಿದ ಹೆಸರು ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತದೆ. ಮಕ್ಕಳ ಮೇಲೆ ರೇಗಿ, ರೇಗಿದ ಕಾರಣ ಏನೆಂದು ನನಗೇ ಹೊಳೆಯದೆ ಕುಳಿತ ಸಂಜೆಗಳಿವೆ.

"ಎಲ್ಲರಿಗೂ ಆಗುವುದೇ, ಸ್ವಲ್ಪ ದಿನ ತಡೆದುಕೊಂಡರೆ ಹೋಗುತ್ತದೆ" ಎಂಬುದು ಇದಕ್ಕೆ ಸಿಗುವ ಸಮಾಧಾನ. ಸ್ವಲ್ಪ ದಿನ ಎಂದರೆ ಎಷ್ಟು? ಅಮೆರಿಕದಲ್ಲಿ ಸಾವಿರಾರು ಮಹಿಳೆಯರನ್ನು ನಡುವಯಸ್ಸಿನುದ್ದಕ್ಕೂ ಗಮನಿಸುತ್ತ ಬಂದ 'ಸ್ವಾನ್' ಅಧ್ಯಯನದಲ್ಲಿ, ಪದೇಪದೇ ಬಿಸಿಯೇರುತ್ತಿದ್ದವರ ಪೈಕಿ ಅರ್ಧದಷ್ಟು ಮಂದಿಗೆ ಆ ತೊಂದರೆ 7.4 ವರ್ಷಕ್ಕಿಂತ ಹೆಚ್ಚು ಕಾಲ ಉಳಿದಿತ್ತು. ಏಳು ವರ್ಷ ನಿದ್ದೆಗೆಟ್ಟು ಬದುಕುವುದನ್ನು ತಡೆದುಕೊಳ್ಳುವುದು ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

2002ರ ಜುಲೈ

ಜನರ ಬಾಯಲ್ಲಿರುವ ಆ ಒಂದು ವಾಕ್ಯ ಎಲ್ಲಿಂದ ಬಂತು ಎಂದು ಹಿಂದೆ ಹೋದರೆ 2002ರ ಜುಲೈ ತಿಂಗಳಿಗೆ ಹೋಗಿ ನಿಲ್ಲುತ್ತೇವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ನಡೆಸುತ್ತಿದ್ದ 'ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್' ಎಂಬ ದೊಡ್ಡ ಪ್ರಯೋಗದ ಒಂದು ಭಾಗವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಗರ್ಭಕೋಶವಿದ್ದ 16,608 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನ್ ಬೆರೆತ ಮಾತ್ರೆಯನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆಯನ್ನೂ ಕೊಡಲಾಗಿತ್ತು. ಐದು ವರ್ಷ ಕಳೆಯುವಷ್ಟರಲ್ಲಿ ಮಾತ್ರೆಯ ಗುಂಪಿನಲ್ಲಿ ಸ್ತನ ಕ್ಯಾನ್ಸರ್ 26 ಶೇಕಡಾ ಹೆಚ್ಚಿರುವುದು ಕಂಡಿತು. ಪಾರ್ಶ್ವವಾಯು, ಹೃದಯಾಘಾತ, ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವ ರಕ್ತದ ಹೆಪ್ಪು ಇವೂ ಹೆಚ್ಚಿದ್ದವು. ಸೊಂಟದ ಮೂಳೆ ಮುರಿತವೂ ದೊಡ್ಡ ಕರುಳಿನ ಕ್ಯಾನ್ಸರೂ ಕಡಿಮೆಯಾಗಿದ್ದವು, ಆದರೆ ಅವು ಸುದ್ದಿಯಾಗಲಿಲ್ಲ. ಲಕ್ಷಾಂತರ ಮಹಿಳೆಯರು ಮಾತ್ರೆಯನ್ನು ಅಲ್ಲಿಗಲ್ಲಿಗೇ ಬಿಟ್ಟರು, ವೈದ್ಯರು ಬರೆಯುವುದನ್ನು ಬಿಟ್ಟರು.

ಆ 26 ಶೇಕಡಾ ಎಂಬ ಅಂಕಿಯ ಹಿಂದೆ ಇದ್ದದ್ದು ಇದು: ವರ್ಷಕ್ಕೆ 10,000 ಮಹಿಳೆಯರಲ್ಲಿ, ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ 30 ಮಂದಿಗೆ ಸ್ತನ ಕ್ಯಾನ್ಸರ್ ಬಂದರೆ, ಹಾರ್ಮೋನ್ ತೆಗೆದುಕೊಂಡವರಲ್ಲಿ 38 ಮಂದಿಗೆ ಬಂತು. ಹೆಚ್ಚುವರಿ ಎಂಟು. ಎರಡೂ ಒಂದೇ ಸತ್ಯ. ಆದರೆ 26 ಶೇಕಡಾ ಎಂದು ಓದಿದಾಗ ನಾಲ್ವರಲ್ಲಿ ಒಬ್ಬರಿಗೆ ಬರುತ್ತದೆ ಎಂದು ಎದೆ ಧಸಕ್ಕೆನ್ನುತ್ತದೆ, ಹತ್ತು ಸಾವಿರಕ್ಕೆ ಎಂಟು ಎಂದು ಓದಿದಾಗ ಉಸಿರು ಹಿಡಿತಕ್ಕೆ ಬರುತ್ತದೆ. ಮೊದಲನೆಯದನ್ನಷ್ಟೇ ದಪ್ಪಕ್ಷರದಲ್ಲಿ ಅಚ್ಚು ಹಾಕಿದವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಇನ್ನೂ ಮುಖ್ಯವಾದದ್ದು, ಆ ಪ್ರಯೋಗ ನನ್ನಂಥವರಿಗಾಗಿ ಮಾಡಿದ್ದೇ ಅಲ್ಲ. ಹಾರ್ಮೋನ್ ಕೊಟ್ಟರೆ ವಯಸ್ಸಾದ ಮಹಿಳೆಯರ ಹೃದಯಕ್ಕೆ ರಕ್ಷಣೆ ಸಿಗುತ್ತದೆಯೇ ಎಂದು ನೋಡುವುದು ಅದರ ಉದ್ದೇಶವಾಗಿತ್ತು. ಪಾಲ್ಗೊಂಡವರ ವಯಸ್ಸು 50ರಿಂದ 79, ಸರಾಸರಿ 63. ಬಿಸಿಯೇರಿ ನರಳುತ್ತಿದ್ದವರು ಅದರಲ್ಲಿ ತೀರ ಕಡಿಮೆ. ಹೃದಯವನ್ನು ಕಾಯುತ್ತದೆಯೇ ಎಂಬ ಪ್ರಶ್ನೆಗೆ ಇಲ್ಲ ಎಂಬ ಉತ್ತರ ಸಿಕ್ಕಿತು, ಅದು ಸರಿಯಾದ ಉತ್ತರವೇ. ಆದರೆ ಆ ಉತ್ತರವನ್ನು ತಂದು, ಐವತ್ತರ ಆಸುಪಾಸಿನಲ್ಲಿ ನಿದ್ದೆಯಿಲ್ಲದೆ ಒದ್ದಾಡುವ ಹೆಂಗಸಿನ ಮುಂದೆ ಹಾಗೆ ಹಾಗೆಯೇ ಇಡಲಾಯಿತು.

ಜೊತೆಗಿದ್ದ ಇನ್ನೊಂದು ಮಾತ್ರೆ

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಬಿಸಿಯೇರುವುದನ್ನು ನಿಲ್ಲಿಸುವುದು ಈಸ್ಟ್ರೋಜೆನ್. ಆದರೆ ಈಸ್ಟ್ರೋಜೆನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರ ಬೆಳೆಯುತ್ತಲೇ ಹೋಗಿ ಅಲ್ಲಿ ಕ್ಯಾನ್ಸರ್ ಆಗಬಹುದು. 1975ರಲ್ಲಿ ಇದು ಸ್ಪಷ್ಟವಾಗಿ ಗೊತ್ತಾದ ಮೇಲೆ ಆ ಒಳಪದರವನ್ನು ಹದ್ದುಬಸ್ತಿನಲ್ಲಿಡಲು ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನನ್ನು ಸೇರಿಸುವ ರೂಢಿ ಬಂತು. ಗರ್ಭಕೋಶ ಉಳಿಯಿತು, ಸರಿ. ಆದರೆ ಸ್ತನದ ಜೀವಕೋಶಗಳನ್ನು ವಿಭಜನೆಗೆ ಹಚ್ಚುವುದರಲ್ಲಿ ಈ ಎರಡನೆಯದರ ಪಾಲು ದೊಡ್ಡದು ಎಂದು ತಿಳಿಯುವಷ್ಟರಲ್ಲಿ ಕಾಲು ಶತಮಾನ ಕಳೆದಿತ್ತು.

ಅದೇ ಅಮೆರಿಕದ ಪ್ರಯೋಗದಲ್ಲಿ ಇನ್ನೊಂದು ಭಾಗವಿತ್ತು. ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕೋಶ ತೆಗೆಸಿಕೊಂಡಿದ್ದ 10,739 ಮಹಿಳೆಯರು ಅದರಲ್ಲಿದ್ದರು. ಒಳಪದರದ ಭಯವಿಲ್ಲದ ಕಾರಣ ಅವರಿಗೆ ಈಸ್ಟ್ರೋಜೆನ್ ಒಂದೇ. ಪಾರ್ಶ್ವವಾಯು ಹೆಚ್ಚಾದದ್ದರಿಂದ 2004ರಲ್ಲಿ ಅದನ್ನೂ ನಿಲ್ಲಿಸಿದರು. ಆದರೆ ಸ್ತನ ಕ್ಯಾನ್ಸರ್ ಅವರಲ್ಲಿ ಹೆಚ್ಚಲಿಲ್ಲ. ಇಪ್ಪತ್ತು ವರ್ಷ ಅವರನ್ನೇ ಗಮನಿಸಿ 2020ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಹುಸಿ ಮಾತ್ರೆ ತೆಗೆದುಕೊಂಡವರಿಗಿಂತ ಅವರಲ್ಲಿ ಸ್ತನ ಕ್ಯಾನ್ಸರ್ ಕಡಿಮೆ, ಅದರಿಂದಾದ ಸಾವೂ ಕಡಿಮೆ. ಎರಡು ಹಾರ್ಮೋನ್ ಬೆರೆತ ಗುಂಪಿನಲ್ಲಿ ಮಾತ್ರ ಕ್ಯಾನ್ಸರ್ ಅಷ್ಟು ವರ್ಷಗಳ ನಂತರವೂ ಹೆಚ್ಚೇ ಇತ್ತು. ಹಾರ್ಮೋನ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಕತೆಗಳನ್ನು ನಾವು ಕೇಳುತ್ತಿದ್ದೇವೆ. ಗರ್ಭಕೋಶ ತೆಗೆಸಿಕೊಂಡ ಹೆಂಗಸಿಗೂ ಅದಿರುವ ಹೆಂಗಸಿಗೂ ಒಂದೇ ಎಚ್ಚರಿಕೆ ಕೊಟ್ಟು ಕಳುಹಿಸುವ ವೈದ್ಯರು ಇಬ್ಬರಿಗೂ ಅನ್ಯಾಯ ಮಾಡುತ್ತಿದ್ದಾರೆ.

ಪ್ರೊಜೆಸ್ಟಿನ್‌ಗಳಲ್ಲೂ ಒಂದರಂತೆ ಇನ್ನೊಂದಿಲ್ಲ. ಫ್ರಾನ್ಸಿನ 'ಇ3ಎನ್' ಎಂಬ ದೊಡ್ಡ ಸಮೀಕ್ಷೆಯಲ್ಲಿ, ಅಂಡಾಶಯ ತಯಾರಿಸುವ ಪ್ರೊಜೆಸ್ಟೆರಾನನ್ನೇ ಹೋಲುವ ಸೂಕ್ಷ್ಮ ಕಣದ ಪ್ರೊಜೆಸ್ಟೆರಾನ್ ಬಳಸಿದವರಲ್ಲಿ ಸ್ತನ ಕ್ಯಾನ್ಸರಿನ ಅಪಾಯ ಕೃತಕ ಪ್ರೊಜೆಸ್ಟಿನ್ ಬಳಸಿದವರಿಗಿಂತ ಕಡಿಮೆ ಕಂಡಿತು. ಆದರೆ ಇದು ಜನರನ್ನು ಗಮನಿಸಿ ಬರೆದುಕೊಂಡ ಸಮೀಕ್ಷೆ; ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ. ನಾನು ಅದರ ಮೇಲೆ ಭರವಸೆ ಇಟ್ಟಿದ್ದೇನೆ, ಪೂರ್ತಿ ಭಾರ ಹಾಕಿಲ್ಲ.

ವೈದ್ಯರು ಬರೆದ ಹಾಳೆ

ಸ್ತ್ರೀರೋಗ ತಜ್ಞೆಯ ಮುಂದೆ ಕುಳಿತಾಗ ಅವರು ಮೊದಲು ಕೇಳಿದ್ದು ಮೈ ಬಿಸಿಯ ಬಗ್ಗೆ ಅಲ್ಲ. "ರಾತ್ರಿ ಎಷ್ಟು ಸಲ ಏಳುತ್ತೀರಿ? ಎದ್ದ ಮೇಲೆ ಮತ್ತೆ ನಿದ್ದೆ ಬರುತ್ತದೆಯೇ?" ಎಂದು ಕೇಳಿದರು. ಆಮೇಲೆ ಮನೆಯಲ್ಲಿ ಯಾರಿಗೆ ಯಾವ ಕ್ಯಾನ್ಸರ್, ಯಾವ ವಯಸ್ಸಿನಲ್ಲಿ, ನನಗೆ ಎಂದಾದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತೇ, ರಕ್ತದೊತ್ತಡ ಎಷ್ಟು, ಯಕೃತ್ತಿನ ತೊಂದರೆ ಇದೆಯೇ, ಕಾರಣವಿಲ್ಲದೆ ರಕ್ತಸ್ರಾವ ಆಗಿದೆಯೇ ಎಂದೆಲ್ಲ ಕೇಳಿ ಬರೆದುಕೊಂಡರು. ನಾನು ಇಟ್ಟುಕೊಂಡು ಹೋಗಿದ್ದ ಪ್ರಶ್ನೆ ಒಂದೇ: "ನನಗೆ ಕ್ಯಾನ್ಸರ್ ಬರುತ್ತದೆಯೇ?"

ಅವರು ಖಾಲಿ ಹಾಳೆಯೊಂದನ್ನು ನನ್ನ ಕಡೆಗೆ ತಿರುಗಿಸಿ ಮೇಲೆ 1000 ಎಂದು ಬರೆದರು. "ಇದು ಬ್ರಿಟನ್ನಿನ ಲೆಕ್ಕ. ಬೇರೆ ಕಡೆ ಮೂಲ ಸಂಖ್ಯೆ ಬೇರೆಯಾಗುತ್ತದೆ, ಆದರೆ ಅಳತೆ ಗೊತ್ತಾಗಲು ಇದು ಸಾಕು. ಐವತ್ತರಿಂದ ಐವತ್ತೊಂಬತ್ತರ ಒಳಗಿನ ಸಾವಿರ ಮಹಿಳೆಯರು. ಯಾವ ಹಾರ್ಮೋನೂ ಇಲ್ಲದೆ, ಐದು ವರ್ಷದಲ್ಲಿ ಇವರಲ್ಲಿ 23 ಮಂದಿಗೆ ಸ್ತನ ಕ್ಯಾನ್ಸರ್ ಬರುತ್ತದೆ" ಎಂದು 23 ಬರೆದರು. ಅದರ ಕೆಳಗೆ 4 ಎಂದು ಬರೆದು ಮುಂದೆ ಕೂಡುವ ಗುರುತು ಹಾಕಿದರು. "ಎರಡು ಹಾರ್ಮೋನ್ ಬೆರೆತ ಚಿಕಿತ್ಸೆ ತೆಗೆದುಕೊಂಡರೆ ಇನ್ನೂ ನಾಲ್ವರು." ಪೆನ್ನು ಅಲ್ಲಿಗೆ ನಿಲ್ಲಲಿಲ್ಲ. ಪ್ರತಿದಿನ ಎರಡು ಅಳತೆ ಮದ್ಯ ಕುಡಿದರೆ ಹೆಚ್ಚುವರಿ 5. ಬೊಜ್ಜು ಇದ್ದರೆ ಹೆಚ್ಚುವರಿ 24. ವಾರಕ್ಕೆ ಎರಡೂವರೆ ಗಂಟೆ ಮೈ ಬೆವರುವಂತೆ ವ್ಯಾಯಾಮ ಮಾಡಿದರೆ 7 ಕಡಿಮೆ.

ಆ 24ನ್ನು ನೋಡಿ ನಾನು ಬಹಳ ಹೊತ್ತು ಸುಮ್ಮನಿದ್ದೆ. ಮುಟ್ಟು ನಿಂತ ಮೇಲೆ ಅಂಡಾಶಯ ಈಸ್ಟ್ರೋಜೆನ್ ಕೊಡುವುದನ್ನು ನಿಲ್ಲಿಸಿದರೂ ಮೈಯ ಕೊಬ್ಬು ಅದನ್ನು ತಯಾರಿಸುತ್ತಲೇ ಇರುತ್ತದೆ. ಕೊಬ್ಬು ಹೆಚ್ಚಿದಷ್ಟೂ ಅದು ಹೆಚ್ಚು. ತೂಕ ಏರಿದ ಹೆಂಗಸಿಗೆ ಯಾರೂ ನಿನಗೆ ಸ್ತನ ಕ್ಯಾನ್ಸರ್ ಬರುತ್ತದಂತೆ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಮಾತ್ರೆಯ ಮೇಲೆ ಮಾತ್ರ ಅಷ್ಟು ಭಯವೇಕೆ? ನನಗನ್ನಿಸುವುದು, ಮಾತ್ರೆ ನುಂಗುವುದು ನಾವಾಗಿಯೇ ಮಾಡುವ ಕೆಲಸ. ತಾನಾಗಿ ಬಂದ ಕಾಯಿಲೆಯನ್ನು ಹಣೆಬರಹ ಎನ್ನುತ್ತೇವೆ, ಚಿಕಿತ್ಸೆ ತೆಗೆದುಕೊಂಡ ಮೇಲೆ ಬಂದ ಕಾಯಿಲೆಯನ್ನು ತಪ್ಪು ಎನ್ನುತ್ತೇವೆ. ಹಾಗೆ ಅನ್ನುವವರು ಹೆಚ್ಚಾಗಿ ಹೊರಗಿನವರಲ್ಲ, ಆ ಹೆಂಗಸೇ.

ಆದರೂ ನಾಲ್ವರನ್ನು ಸಣ್ಣ ಸಂಖ್ಯೆ ಎಂದು ತಳ್ಳಿಹಾಕಲು ನನ್ನಿಂದ ಆಗಲಿಲ್ಲ. ಸಾವಿರದಲ್ಲಿ ನಾಲ್ಕು ಎಂದರೆ ಮನೆ ಮಠ ಇರುವ ನಾಲ್ಕು ಹೆಂಗಸರು. ಆ ಚಿಕಿತ್ಸೆ ಇಲ್ಲದಿದ್ದರೆ ಅವರಿಗೆ ಆ ಐದು ವರ್ಷದಲ್ಲಿ ಕ್ಯಾನ್ಸರ್ ಪತ್ತೆಯಾಗುತ್ತಿರಲಿಲ್ಲ. ಆ ನಾಲ್ವರಲ್ಲಿ ನಾನಿದ್ದೇನೆಯೇ ಎಂದು ಮೊದಲೇ ತಿಳಿಯುವ ದಾರಿಯಿಲ್ಲ. ಹಾಳೆಯನ್ನು ಮಡಚಿ ಕೊಡುವಾಗ ತಜ್ಞೆ ಹೇಳಿದರು: "ಇದನ್ನು ಮನೆಗೆ ತೆಗೆದುಕೊಂಡು ಹೋಗಿ. ಇವತ್ತೇ ಹೇಳಬೇಕಾಗಿಲ್ಲ."

ಐದು ವರ್ಷದ ಲೆಕ್ಕ, ಇಪ್ಪತ್ತು ವರ್ಷದ ಲೆಕ್ಕ

ಮನೆಗೆ ಬಂದು ಓದುತ್ತ ಹೋದಾಗ ನನ್ನ ನೆಮ್ಮದಿಯನ್ನು ಕದಡಿದ್ದು 2019ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ. ಜಗತ್ತಿನ ಹಲವು ಕಡೆ ನಡೆದ 58 ಅಧ್ಯಯನಗಳನ್ನು, ಸ್ತನ ಕ್ಯಾನ್ಸರ್ ಬಂದ ಒಂದು ಲಕ್ಷಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿ ಮಾಡಿದ್ದು ಅದು. ಪಶ್ಚಿಮದ ದೇಶಗಳಲ್ಲಿ ಹಾರ್ಮೋನ್ ಮುಟ್ಟದ ಮಹಿಳೆಗೆ 50ರಿಂದ 69ರ ಒಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ 6.3 ಶೇಕಡಾ. ಐವತ್ತಕ್ಕೆ ಶುರುಮಾಡಿ ಐದು ವರ್ಷ ಪ್ರತಿದಿನ ಎರಡೂ ಹಾರ್ಮೋನ್ ತೆಗೆದುಕೊಂಡರೆ ಅದು 8.3ಕ್ಕೆ ಏರುತ್ತದೆ. ಅಂದರೆ ಹಾಗೆ ತೆಗೆದುಕೊಂಡ ಪ್ರತಿ 50 ಮಂದಿಗೆ ಒಬ್ಬರು ಹೆಚ್ಚುವರಿ. ಪ್ರೊಜೆಸ್ಟಿನನ್ನು ತಿಂಗಳಲ್ಲಿ ಕೆಲವು ದಿನ ಮಾತ್ರ ತೆಗೆದುಕೊಂಡರೆ 70ಕ್ಕೆ ಒಬ್ಬರು, ಈಸ್ಟ್ರೋಜೆನ್ ಒಂದೇ ಆದರೆ 200ಕ್ಕೆ ಒಬ್ಬರು. ಈ ಕೊನೆಯದು ಅಮೆರಿಕದ ಪ್ರಯೋಗದಲ್ಲಿ ಕಂಡದ್ದಕ್ಕೆ ಹೊಂದುವುದಿಲ್ಲ.

ಸಾವಿರಕ್ಕೆ ನಾಲ್ಕು ಎಲ್ಲಿ, ಐವತ್ತಕ್ಕೆ ಒಂದು ಎಲ್ಲಿ! ಐವತ್ತಕ್ಕೆ ಒಂದೆಂದರೆ ಸಾವಿರಕ್ಕೆ ಇಪ್ಪತ್ತು. ಯಾರೋ ಒಬ್ಬರು ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಹುಟ್ಟುವುದು ಸಹಜ. ಆದರೆ ಎರಡು ಲೆಕ್ಕಗಳು ಒಂದೇ ಕಾಲಾವಧಿಯವಲ್ಲ. ತಜ್ಞೆಯ ಹಾಳೆಯಲ್ಲಿ ಇದ್ದದ್ದು ಚಿಕಿತ್ಸೆ ನಡೆಯುವ ಐದು ವರ್ಷಗಳ ಲೆಕ್ಕ. ಲ್ಯಾನ್ಸೆಟ್‌ನದು ಮಾತ್ರೆ ಬಿಟ್ಟ ನಂತರದ ಹದಿನೈದು ವರ್ಷಗಳನ್ನೂ ಸೇರಿಸಿದ ಲೆಕ್ಕ. ಮಾತ್ರೆ ಬಿಟ್ಟ ಮರುದಿನ ಅಪಾಯ ಅಳಿಸಿಹೋಗುವುದಿಲ್ಲ, ತಗ್ಗಿದರೂ ಹತ್ತು ವರ್ಷಕ್ಕೂ ಮೀರಿ ಸ್ವಲ್ಪ ಉಳಿಯುತ್ತದೆ, ಎಷ್ಟು ಕಾಲ ತೆಗೆದುಕೊಂಡೆವು ಎಂಬುದರ ಮೇಲೆ ಅದು ಹೆಚ್ಚು ಕಡಿಮೆಯಾಗುತ್ತದೆ ಎಂಬುದೇ ಆ ವಿಶ್ಲೇಷಣೆಯ ಮುಖ್ಯ ಸಂಗತಿ. ಒಂದು ವರ್ಷದೊಳಗೆ ಬಿಟ್ಟವರಲ್ಲಿ ಮಾತ್ರ ಆಮೇಲೆ ಉಳಿಯುವ ಅಪಾಯ ಇಲ್ಲವೆನ್ನುವಷ್ಟು ಕಡಿಮೆ. ಇದನ್ನು ಓದಿದ ಮೇಲೆ ನನ್ನ ಪ್ರಶ್ನೆಯ ದಿಕ್ಕೇ ಬದಲಾಯಿತು. ತೆಗೆದುಕೊಳ್ಳಲೇ ಬೇಡವೇ ಎನ್ನುವುದಕ್ಕಿಂತ ಎಷ್ಟು ಕಾಲ ಎನ್ನುವುದು ದೊಡ್ಡದಾಯಿತು.

ಇನ್ನೊಂದು ತೊಡಕೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೃದಯದ ದೃಷ್ಟಿಯಿಂದ ಹಾರ್ಮೋನ್ ಚಿಕಿತ್ಸೆಯನ್ನು ಮುಟ್ಟು ನಿಂತ ಹತ್ತು ವರ್ಷದೊಳಗೆ, ಅರವತ್ತು ತುಂಬುವ ಮೊದಲು ಶುರುಮಾಡುವುದು ಕ್ಷೇಮ. ತಡವಾಗಿ ಶುರುಮಾಡಿದವರಲ್ಲೇ ಹೃದಯ ಮತ್ತು ರಕ್ತನಾಳಗಳ ತೊಂದರೆ ಹೆಚ್ಚು. ಆದರೆ ಸ್ತನದ ಮಟ್ಟಿಗೆ ವಿಷಯ ತಿರುಗುಮುರುಗು. ಬ್ರಿಟನ್ನಿನ ಹತ್ತು ಲಕ್ಷ ಮಹಿಳೆಯರ ಅಧ್ಯಯನದಲ್ಲಿ, ಮುಟ್ಟು ನಿಂತ ಕೂಡಲೇ ಶುರುಮಾಡಿದವರಲ್ಲೇ ಅಪಾಯದ ಏರಿಕೆ ಹೆಚ್ಚು. ಹೃದಯ ಬೇಗ ಎನ್ನುತ್ತದೆ, ಸ್ತನ ತಡ ಎನ್ನುತ್ತದೆ, ಬಿಸಿಯೇರುವ ಮೈ ಈಗಲೇ ಎನ್ನುತ್ತದೆ. ಮೂರಕ್ಕೂ ಒಪ್ಪುವ ಘಳಿಗೆ ಯಾವುದೂ ಇಲ್ಲ.

2002ರ ಪ್ರಯೋಗದ ಲೋಪಗಳನ್ನು ಎತ್ತಿ ಹಿಡಿದು, ಹಾರ್ಮೋನಿಗೂ ಕ್ಯಾನ್ಸರಿಗೂ ಸಂಬಂಧವೇ ಇಲ್ಲ ಎಂದು ಸಾರುವವರೂ ಈಚೆಗೆ ಹೆಚ್ಚಾಗಿದ್ದಾರೆ. ಅವರ ಮಾತನ್ನೂ ನಾನು ಒಪ್ಪುವುದಿಲ್ಲ. ಮಹಿಳೆಯರು ಒಟ್ಟಿಗೇ ಮಾತ್ರೆ ಬಿಟ್ಟ ನಂತರ, 2003ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ ಹಿಂದಿನ ವರ್ಷಕ್ಕಿಂತ 6.7 ಶೇಕಡಾ ಕುಸಿಯಿತು. ಕುಸಿತ ಕಂಡದ್ದು ಮುಖ್ಯವಾಗಿ ಐವತ್ತು ದಾಟಿದವರಲ್ಲಿ, ಅದರಲ್ಲೂ ಈಸ್ಟ್ರೋಜೆನ್ನಿಗೆ ಸ್ಪಂದಿಸುವ ಬಗೆಯ ಗೆಡ್ಡೆಗಳಲ್ಲಿ. ಮೊದಲೇ ಮೈಯಲ್ಲಿ ಅಡಗಿದ್ದ ಸಣ್ಣ ಗೆಡ್ಡೆಗಳಿಗೆ ಹಾರ್ಮೋನ್ ಬೆಳೆಯುವ ಬಲ ಕೊಡುತ್ತಿತ್ತು, ಅದು ನಿಂತಾಗ ಅವುಗಳ ಬೆಳವಣಿಗೆಯೂ ತಗ್ಗಿತು ಎಂಬ ವಿವರಣೆ ನನಗೆ ಸರಿ ಎನ್ನಿಸುತ್ತದೆ. 2003ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ಔಷಧಗಳ ಪೊಟ್ಟಣಕ್ಕೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತ್ತು. 2025ರ ನವೆಂಬರ್‌ನಲ್ಲಿ ಸ್ತನ ಕ್ಯಾನ್ಸರ್ ಮತ್ತು ಹೃದ್ರೋಗದ ಎಚ್ಚರಿಕೆಗಳನ್ನು ಆ ಚೌಕಟ್ಟಿನಿಂದ ತೆಗೆಸುವುದಾಗಿ ಪ್ರಕಟಿಸಿತು. ಯೋನಿಯಲ್ಲಿ ಹಚ್ಚುವ, ರಕ್ತಕ್ಕೆ ಹೆಚ್ಚು ಸೇರದ ಮುಲಾಮಿನ ಮೇಲೂ ಅದೇ ಭಯಂಕರ ಎಚ್ಚರಿಕೆ ಇದ್ದದ್ದು ತಪ್ಪೇ ಆಗಿತ್ತು, ಅದು ಹೋಗಬೇಕಾಗಿತ್ತು. ಆದರೆ ಚೌಕಟ್ಟು ಹೋದ ಮಾತ್ರಕ್ಕೆ ಐವತ್ತಕ್ಕೆ ಒಬ್ಬರು ಎಂಬ ಲೆಕ್ಕ ಹೋಗುವುದಿಲ್ಲ. ಇಪ್ಪತ್ತು ವರ್ಷ ಹೆದರಿಸಿದ್ದಕ್ಕೆ ಪ್ರಾಯಶ್ಚಿತ್ತವೆಂದು ಇನ್ನು ಇಪ್ಪತ್ತು ವರ್ಷ ಧೈರ್ಯವನ್ನಷ್ಟೇ ತುಂಬುವುದು ಬೇಡ.

ಚಿಕ್ಕಮ್ಮ

ನನ್ನ ಚಿಕ್ಕಮ್ಮನಿಗೆ ಅರವತ್ತು ದಾಟಿದ ಮೇಲೆ ಸ್ತನ ಕ್ಯಾನ್ಸರ್ ಬಂತು. ಶಸ್ತ್ರಚಿಕಿತ್ಸೆ, ವಿಕಿರಣ ಎರಡೂ ಆಗಿ ಈಗ ಚೆನ್ನಾಗಿದ್ದಾಳೆ. ಅವಳು ಬದುಕಿನಲ್ಲಿ ಒಂದು ಹಾರ್ಮೋನ್ ಮಾತ್ರೆಯನ್ನೂ ನುಂಗಿದವಳಲ್ಲ. ವಯಸ್ಸು ಬೇರೆಯಾದರೂ ಹಾಳೆಯಲ್ಲಿದ್ದ ಆ 23ರ ಸಾಲಿನವಳೇ ಅವಳು, ಹಾರ್ಮೋನ್ ಮುಟ್ಟದೆಯೇ ಕ್ಯಾನ್ಸರ್ ಬಂದವಳು. ಸ್ತನ ಕ್ಯಾನ್ಸರ್ ಬರುವ ಹೆಚ್ಚಿನವರು ಆ ಸಾಲಿನವರೇ.

ತಜ್ಞೆಯನ್ನು ಕಂಡು ಬಂದ ವಾರ ಅವಳ ಮನೆಗೆ ಹೋಗಿದ್ದೆ. ಬೆಳಿಗ್ಗೆಯ ಹೊತ್ತು. ಮಾತ್ರೆಯ ಡಬ್ಬಿಯನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ಮುಚ್ಚಳ ತಿರುಗಿಸಲು ನೋಡುತ್ತಿದ್ದಳು, ಬೆರಳುಗಳು ಮಡಚುತ್ತಿರಲಿಲ್ಲ. ನಾನು ತೆಗೆದುಕೊಟ್ಟೆ. "ಬೆಳಿಗ್ಗೆ ಹೀಗೆಯೇ, ಹತ್ತು ಗಂಟೆಯ ಹೊತ್ತಿಗೆ ಸಡಿಲವಾಗುತ್ತದೆ" ಎಂದು ಗೆಣ್ಣುಗಳನ್ನು ತಿಕ್ಕಿಕೊಂಡಳು. ಅವಳದು ಈಸ್ಟ್ರೋಜೆನ್ನಿಗೆ ಸ್ಪಂದಿಸುವ ಬಗೆಯ ಕ್ಯಾನ್ಸರ್. ಕೊಬ್ಬಿನಲ್ಲಿ ತಯಾರಾಗುವ ಅಷ್ಟಿಷ್ಟು ಈಸ್ಟ್ರೋಜೆನ್ನನ್ನೂ ತಡೆಯುವ ಲೆಟ್ರೊಜೋಲ್ ಮಾತ್ರೆಯನ್ನು ಪ್ರತಿದಿನ ನುಂಗುತ್ತಾಳೆ. ಆ ಮಾತ್ರೆಯಿಂದಲೇ ಕೀಲುನೋವು, ಆ ಮಾತ್ರೆಯಿಂದಲೇ ಅರವತ್ತರ ನಂತರ ಎರಡನೆಯ ಸಲ ಮೈ ಬಿಸಿಯೇರುವ ಕಾಟ.

ಹಾಳೆಯನ್ನು ಅವಳಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು. "ಹಾಗಾದರೆ ನನ್ನ ಮೈಯಿಂದ ಯಾವುದನ್ನು ತೆಗೆದುಹಾಕಲು ನನಗೆ ಮಾತ್ರೆ ಕೊಟ್ಟಿದ್ದಾರೋ ಅದನ್ನೇ ನಿನ್ನ ಮೈಗೆ ಹಾಕಲು ನಿನಗೆ ಮಾತ್ರೆ ಕೊಡುತ್ತಾರೆ, ಅಲ್ಲವೇ?" ಎಂದಳು. ಹೌದು ಎಂದೆ. ಅಷ್ಟು ನೇರವಾಗಿ ಅದನ್ನು ಯಾವ ಲೇಖನದಲ್ಲೂ ನಾನು ಓದಿರಲಿಲ್ಲ. ಅವಳು ಬೇಡ ಎನ್ನುತ್ತಾಳೆ ಎಂದುಕೊಂಡು ಕುಳಿತಿದ್ದೆ. ಅವಳು ಕೇಳಿದ್ದು ಬೇರೆ. "ಇದನ್ನು ತೆಗೆದುಕೊಂಡರೆ ನಿನಗೆ ನಿದ್ದೆ ಬರುತ್ತದೆಯೇ? ಖಂಡಿತ ಬರುತ್ತದೆಯೇ?" ಬಿಸಿಯೇರುವ ಸಲಗಳು ಮುಕ್ಕಾಲು ಪಾಲು ಕಡಿಮೆಯಾಗುತ್ತವೆ, ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಔಷಧ ಬೇರೆ ಇಲ್ಲ ಎಂದು ಹೇಳಿದೆ. "ನನಗೆ ಆ ಅವಕಾಶವಿಲ್ಲ ಮಗೂ. ಇದ್ದಿದ್ದರೆ ನಾನೂ ಯೋಚನೆ ಮಾಡುತ್ತಿದ್ದೆ" ಎಂದಳು.

ಅವಳ ವಿಷಯದಲ್ಲಿ ಎರಡು ಮಾತಿಲ್ಲ. ಸ್ತನ ಕ್ಯಾನ್ಸರಿನಿಂದ ಗುಣವಾದವರಿಗೆ ಹಾರ್ಮೋನ್ ಕೊಟ್ಟು ನೋಡಿದ ಸ್ವೀಡನ್ನಿನ 'ಹ್ಯಾಬಿಟ್ಸ್' ಪ್ರಯೋಗವನ್ನು 2003ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹಾರ್ಮೋನ್ ಪಡೆದವರಲ್ಲಿ ಕ್ಯಾನ್ಸರ್ ಮರಳುವುದು ಎರಡು ಪಟ್ಟಿಗಿಂತ ಹೆಚ್ಚಿತ್ತು. ಆದರೆ ಇಂಥವರಿಗೆ ಹಾರ್ಮೋನ್ ಬೇಡ ಎಂದು ಹೇಳಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ಖಿನ್ನತೆಗೆ ಕೊಡುವ ವೆನ್ಲಾಫ್ಯಾಕ್ಸಿನ್, ಅಪಸ್ಮಾರಕ್ಕೆ ಕೊಡುವ ಗ್ಯಾಬಾಪೆಂಟಿನ್‌ನಂಥ ಔಷಧಗಳಿಂದ ಒಂದಷ್ಟು ಮಂದಿಗೆ ಬಿಸಿ ತಗ್ಗುತ್ತದೆ. ಸ್ತನ ಕ್ಯಾನ್ಸರ್ ಮರಳದಂತೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರು ಬಿಸಿ ತಗ್ಗಿಸಲೆಂದು ಪ್ಯಾರಾಕ್ಸೆಟಿನ್ ತೆಗೆದುಕೊಳ್ಳಬಾರದು, ಅದು ಟ್ಯಾಮಾಕ್ಸಿಫೆನ್ ಕೆಲಸಕ್ಕೆ ಅಡ್ಡ ಬರುತ್ತದೆ. ಇದನ್ನು ಕೇಳಿಯೇ ತಿಳಿದುಕೊಳ್ಳಬೇಕು. ಮಿದುಳಿನಲ್ಲಿ ಮೈಯ ಉಷ್ಣವನ್ನು ಕಾಯುವ ನರಕೋಶಗಳ ಮೇಲೆ ನೇರವಾಗಿ ಕೆಲಸ ಮಾಡುವ ಫೆಜೊಲಿನೆಟಂಟ್ ಎಂಬ ಹಾರ್ಮೋನೇತರ ಮಾತ್ರೆಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ, ಯಕೃತ್ತಿನ ಪರೀಕ್ಷೆ ಮಾಡಿಸುತ್ತಿರಬೇಕು ಎಂಬ ಷರತ್ತಿನೊಂದಿಗೆ. ಚಿಕ್ಕಮ್ಮ ತನ್ನ ಬಿಸಿಯ ಬಗ್ಗೆ ಕ್ಯಾನ್ಸರ್ ತಜ್ಞರ ಹತ್ತಿರ ಒಮ್ಮೆಯೂ ಹೇಳಿರಲಿಲ್ಲ. "ಜೀವ ಉಳಿಸಿದವರ ಮುಂದೆ ಇದನ್ನೆಲ್ಲ ಹೇಗೆ ಹೇಳುವುದು?" ಎಂದಳು. ಮುಂದಿನ ಸಲ ನಾನೂ ಜೊತೆಗೆ ಬರುತ್ತೇನೆ ಎಂದಿದ್ದೇನೆ.

ಲೆಕ್ಕಕ್ಕೆ ಸಿಗದ ನರಳಾಟ

ಇಷ್ಟೆಲ್ಲ ಓದಿದ ಮೇಲೆ ನನ್ನಲ್ಲಿ ಉಳಿದ ಅಸಮಾಧಾನ ಒಂದು. ಅಪಾಯವನ್ನು ಹತ್ತು ಸಾವಿರಕ್ಕೆ ಇಷ್ಟು ಎಂದು ಅಚ್ಚುಕಟ್ಟಾಗಿ ಎಣಿಸುತ್ತೇವೆ. ನಿದ್ದೆಯಿಲ್ಲದ ರಾತ್ರಿಯನ್ನು ಹಾಗೆ ಎಣಿಸುವವರಿಲ್ಲ. ಕೆಲಸ ಬಿಟ್ಟವರು, ದಾಂಪತ್ಯದಲ್ಲಿ ಮುಟ್ಟಲೂ ಹೆದರುವವರು, ಮೂತ್ರದ ಸೋಂಕಿನಿಂದ ಪದೇಪದೇ ಬಳಲುವವರು, ಕಾರಣವಿಲ್ಲದ ದುಗುಡದಲ್ಲಿ ತಿಂಗಳುಗಳನ್ನು ಕಳೆದವರು ಯಾವ ಕೋಷ್ಟಕಕ್ಕೂ ಬರುವುದಿಲ್ಲ. ಎಣಿಸಿದ್ದು ಒಂದೇ ಕಡೆ ಇದ್ದರೆ ಆ ಕಡೆಯೇ ಭಾರವಾಗುತ್ತದೆ. 2002ರಲ್ಲಿ ಸುದ್ದಿಯಾದ ಆ ಅಮೆರಿಕದ ಪ್ರಯೋಗದ ಮಹಿಳೆಯರನ್ನು 18 ವರ್ಷ ಗಮನಿಸಿದಾಗ, ಹಾರ್ಮೋನ್ ತೆಗೆದುಕೊಂಡವರಲ್ಲೂ ತೆಗೆದುಕೊಳ್ಳದವರಲ್ಲೂ ಒಟ್ಟು ಸಾವಿನ ಪ್ರಮಾಣ ಒಂದೇ ಮಟ್ಟದಲ್ಲಿತ್ತು. ಈ ಮಾತು ಕ್ಯಾನ್ಸರ್ ಬಂದವಳಿಗೆ ಸಮಾಧಾನವಲ್ಲ ಎಂದು ನನಗೆ ಗೊತ್ತು, ಆದರೆ ಇದು ಅರಿವಿಗೆ ಬಾರದೆ ತೂಗುವುದು ಪೂರ್ತಿಯಾಗುವುದಿಲ್ಲ.

ಈ ಭಯದಿಂದ ಅತಿ ಹೆಚ್ಚು ನಷ್ಟವಾಗಿರುವುದು ಚಿಕ್ಕ ವಯಸ್ಸಿನಲ್ಲೇ ಅಂಡಾಶಯ ನಿಂತವರಿಗೆ ಅಥವಾ ತೆಗೆಸಿಕೊಂಡವರಿಗೆ. ನಲವತ್ತಕ್ಕೂ ಮೊದಲೇ ಈಸ್ಟ್ರೋಜೆನ್ ಕಳೆದುಕೊಂಡವಳ ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆ ಬೇಗ ಬರುತ್ತದೆ. ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ, ಸುಮಾರು ಐವತ್ತೊಂದರವರೆಗೆ, ಅವಳಿಗೆ ಹಾರ್ಮೋನ್ ಕೊಡುವುದು ಆ ವಯಸ್ಸಿನ ಬೇರೆಲ್ಲ ಹೆಂಗಸರ ಮೈಯಲ್ಲಿ ಇರುವುದನ್ನು ಹಿಂದಿರುಗಿಸುವುದೇ ಹೊರತು ಹೆಚ್ಚುವರಿಯೇನಲ್ಲ. ಸ್ತನ ಕ್ಯಾನ್ಸರ್ ಬಂದಿರದ ಅಂಥವಳಿಗೂ, ಅರವತ್ತಮೂರು ವಯಸ್ಸಿನವರ ಪ್ರಯೋಗದ ಅಂಕಿ ತೋರಿಸಿ ಬೇಡ ಎಂದು ಕಳುಹಿಸಿದ ಸಂಗತಿಗಳನ್ನು ಕೇಳಿದಾಗ ಹೊಟ್ಟೆ ಉರಿಯುತ್ತದೆ. ಒಣಗುವಿಕೆ, ಉರಿ, ಮೂತ್ರದ ತೊಂದರೆ ಇಷ್ಟೇ ಇರುವವರಿಗೆ ಆ ಜಾಗಕ್ಕಷ್ಟೇ ಹಚ್ಚುವ ಈಸ್ಟ್ರೋಜೆನ್ ಮುಲಾಮು ಸಾಕು. 2019ರ ವಿಶ್ಲೇಷಣೆಯಲ್ಲೂ ಅಪಾಯ ಹೆಚ್ಚಿಸದ ಬಗೆ ಅದೊಂದೇ.

ನಾನು ಮಾಡಿದ್ದು

ನಾನು ಚಿಕಿತ್ಸೆ ಶುರುಮಾಡಿದ್ದೇನೆ. ಮೊದಲು ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್-ರೇ, ಮಾಡಿಸಿದೆ. ಚಿಕ್ಕಮ್ಮನದು ಅರವತ್ತರ ನಂತರ ಬಂದ ಕ್ಯಾನ್ಸರ್, ಮನೆಯಲ್ಲಿ ಬೇರೆ ಯಾರಿಗೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇಲ್ಲ; ಹಾಗಾಗಿ ನನ್ನ ಮೂಲ ಅಪಾಯ ಸ್ವಲ್ಪ ಹೆಚ್ಚೇ ಹೊರತು ಬಹಳ ಹೆಚ್ಚಲ್ಲ ಎಂದು ತಜ್ಞೆ ಹೇಳಿದರು. ಅಮ್ಮನಿಗೋ ಅಕ್ಕನಿಗೋ ನಲವತ್ತರಲ್ಲಿ ಬಂದಿದ್ದರೆ ಇದೇ ಹಾಳೆಯ ಮೇಲೆ ಬೇರೆ ಅಂಕಿಗಳಿರುತ್ತಿದ್ದವು, ಬಹುಶಃ ನನ್ನ ತೀರ್ಮಾನವೂ ಬೇರೆಯಾಗುತ್ತಿತ್ತು. ಈಸ್ಟ್ರೋಜೆನ್ನನ್ನು ಚರ್ಮಕ್ಕೆ ಅಂಟಿಸುವ ಪಟ್ಟಿಯಾಗಿ ತೆಗೆದುಕೊಳ್ಳುತ್ತೇನೆ. ನುಂಗಿದ ಮಾತ್ರೆ ಮೊದಲು ಯಕೃತ್ತಿಗೆ ಹೋಗಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ, ಚರ್ಮದ ಮೂಲಕ ಹೋದದ್ದಕ್ಕೆ ಆ ತೊಂದರೆ ಇಲ್ಲ. ಸ್ತನಕ್ಕೆ ಮಾತ್ರ ಪಟ್ಟಿಯಾದರೂ ಮಾತ್ರೆಯಾದರೂ ಒಂದೇ. ಪಟ್ಟಿ ಹಾಕಿಕೊಂಡರೆ ಕ್ಯಾನ್ಸರಿನ ಭಯವಿಲ್ಲ ಎಂದು ಹೇಳುವವರನ್ನು ನಂಬಬೇಡಿ. ಗರ್ಭಕೋಶ ಇರುವುದರಿಂದ ರಾತ್ರಿ ಸೂಕ್ಷ್ಮ ಕಣದ ಪ್ರೊಜೆಸ್ಟೆರಾನ್ ನುಂಗುತ್ತೇನೆ. ಅದು ಸ್ವಲ್ಪ ಮಂಪರು ತರುತ್ತದೆ, ನನಗೆ ಅದೂ ಬೇಕಾಗಿತ್ತು.

ಕೆಲವು ವಾರಗಳಲ್ಲಿ ಬಿಸಿ ತಗ್ಗಿತು. ಪೂರ್ತಿ ಹೋಗಿಲ್ಲ, ಆದರೆ ಮಲಗಿದರೆ ಬೆಳಗಿನ ಜಾವದವರೆಗೆ ಎಚ್ಚರವಾಗದ ರಾತ್ರಿಗಳು ಈಗ ಇವೆ. ಹಾಳೆಯಲ್ಲಿದ್ದ ಆ 24 ಮತ್ತು 7 ನನ್ನನ್ನು ಬಿಟ್ಟಿಲ್ಲ. ಪ್ರತಿದಿನ ನಡೆಯುತ್ತೇನೆ, ನಿದ್ದೆ ಆದ ಮೈಗೆ ನಡೆಯುವುದು ಹಗುರ. ಎರಡು ಹಾರ್ಮೋನ್ ಬೆರೆತಾಗ ಸ್ತನದ ಅಂಗಾಂಶ ದಟ್ಟವಾಗಿ ಮ್ಯಾಮೊಗ್ರಾಂನಲ್ಲಿ ಸಣ್ಣ ಗೆಡ್ಡೆ ಮರೆಯಾಗಬಹುದು, ಹಾಗಾಗಿ ಪರೀಕ್ಷೆಗೆ ಹೋದಾಗಲೆಲ್ಲ ನಾನು ಹಾರ್ಮೋನ್ ತೆಗೆದುಕೊಳ್ಳುತ್ತಿರುವುದನ್ನು ಅಲ್ಲಿಯವರಿಗೆ ಮೊದಲೇ ಹೇಳಬೇಕು. ವರ್ಷಕ್ಕೊಮ್ಮೆ ತಜ್ಞೆಯ ಜೊತೆ ಕುಳಿತು, ಪ್ರಮಾಣ ಇಳಿಸಿದರೂ ನಡೆಯುತ್ತದೆಯೇ ಎಂದು ನೋಡುವುದೆಂದು ಮಾತಾಗಿದೆ. ಐದು ವರ್ಷವನ್ನು ನಾನೇ ಗಡುವಾಗಿ ಇಟ್ಟುಕೊಂಡಿದ್ದೇನೆ. ಆಗ ಬಿಸಿ ಮರಳಿದರೆ, ಐವತ್ತಾರರ ನನ್ನ ಮೂಳೆ, ರಕ್ತದೊತ್ತಡ, ಮ್ಯಾಮೊಗ್ರಾಂ ಎಲ್ಲವನ್ನೂ ಮುಂದಿಟ್ಟುಕೊಂಡು ಹೊಸ ಹಾಳೆಯಲ್ಲಿ ಲೆಕ್ಕ ಹಾಕಿಸುತ್ತೇನೆ.